ಬೀಗ ಬಿದ್ದ ಫೈರ್‌ಹೌಸ್, ನಮ್ಮ ಮನೆಯ ಹೋಮ

ಸ್ಮೋಕ್ ಅಲಾರಂಗಳಿಗೆ ಶವರ್ ಕ್ಯಾಪ್ ಹಾಕಬೇಕೆಂದು ನಮಗೆ ಮೊದಲು ಯಾರು ಹೇಳಿಕೊಟ್ಟರೋ ನೆನಪಿಲ್ಲ. ನ್ಯೂಜೆರ್ಸಿಯ ನಮ್ಮ ಕಡೆಯ ಕನ್ನಡದವರ ಮನೆಗಳಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಉಪಾಯ. ಹೋಟೆಲಿನಲ್ಲಿ ಉಳಿದುಕೊಂಡಾಗ ಬಚ್ಚಲಮನೆಯಲ್ಲಿ ಇಟ್ಟಿರುವ ಪ್ಲಾಸ್ಟಿಕ್ ಟೋಪಿಗಳನ್ನು ತಂದು ಒಂದು ಡ್ರಾಯರಿನಲ್ಲಿ ಕೂಡಿಡುವುದು. ಹೋಮವಿದ್ದ ಬೆಳಿಗ್ಗೆ ಸ್ಟೂಲು ಹತ್ತಿ ಚಾವಣಿಯ ಒಂದೊಂದು ಅಲಾರಂಗೂ ಒಂದೊಂದನ್ನು ತೊಡಿಸುವುದು. ಎಲಾಸ್ಟಿಕ್ ಇರುವುದರಿಂದ ಅಳತೆ ತೆಗೆದು ಹೊಲಿಸಿದಂತೆ ಕೂತುಬಿಡುತ್ತದೆ. ಆ ದಿನ ನಮ್ಮ ಮನೆಯ ಐದು ಅಲಾರಂಗಳಿಗೆ ಐದು ಕ್ಯಾಪ್ ಹಾಕಿದವಳು ನಾನು.

ಆ ಮಧ್ಯಾಹ್ನ ಪಕ್ಕದ ಮನೆಯ ಟೀಚರ್ ತಮ್ಮ ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಕೆಲವು ನಿಮಿಷಗಳನ್ನು ನಾನು ಈಗಲೂ ವಿಡಿಯೋದಂತೆ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತಿರುತ್ತೇನೆ. ಕಾರು ಓಡಿಸುವಾಗ, ಆಫೀಸಿನ ಮೀಟಿಂಗಿನಲ್ಲಿ, ಸಾರಿಗೆ ಒಗ್ಗರಣೆ ಹಾಕುವಾಗ. ಅವರನ್ನು ಕೆಳಗಿಳಿಸಬಹುದಾಗಿತ್ತೇ ಎನ್ನುವುದೊಂದೇ ಪ್ರಶ್ನೆ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸುತ್ತೇನೆ, ಪ್ರತಿ ಸಲವೂ ಇಳಿಸಬಹುದಾಗಿತ್ತು ಎಂದೇ ಕಾಣುತ್ತದೆ.

ಮೊದಲು ಕ್ಯಾಪ್ಟನ್ ವಿಷಯ ಹೇಳಬೇಕು. ನಮ್ಮೂರು ಚಿಕ್ಕ ನಗರ. ಅಲ್ಲಿ ಬೆಂಕಿ ಆರಿಸುವವರೆಲ್ಲ ಸ್ವಯಂಸೇವಕರು. ಸಂಬಳವಿಲ್ಲ. ಪ್ಲಂಬರು, ಬಸ್ ಚಾಲಕ, ಶಾಲೆಯ ಕಸಗುಡಿಸುವವನು, ಹೀಗೆ ಯಾರ್ಯಾರೋ ಸೈರನ್ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಫೈರ್‌ಹೌಸಿಗೆ ಓಡಬೇಕು. ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದ್ದ ಫೈರ್‌ಹೌಸಿನ ಕ್ಯಾಪ್ಟನ್ ಮನೆಮನೆಯ ಹೀಟರ್ ರಿಪೇರಿ ಮಾಡುವವರು. ಅರವತ್ತು ದಾಟಿದ ಬಿಳಿಯರು, ಅಗಲ ಭುಜ, ಗಟ್ಟಿ ದನಿ. ಅವರ ಅಜ್ಜನೂ ಅದೇ ಫೈರ್ ಕಂಪನಿಯಲ್ಲಿ, ಅಂದರೆ ಅದೇ ಸ್ವಯಂಸೇವಕರ ತಂಡದಲ್ಲಿ, ಇದ್ದವರಂತೆ.

ನಮ್ಮ ಗೃಹಪ್ರವೇಶದ ದಿನ ಅವರನ್ನು ಮೊದಲು ನೋಡಿದ್ದು. ಆಗ ನಮಗೆ ಶವರ್ ಕ್ಯಾಪಿನ ವಿದ್ಯೆ ಗೊತ್ತಿರಲಿಲ್ಲ. ಹೋಮದ ಹೊಗೆಗೆ ಅಲಾರಂ ಹೊಡೆದುಕೊಂಡು, ಕೆಂಪು ಲಾರಿ ಬಂದು, ಬಾಗಿಲಲ್ಲಿ ಆರು ಜನ ಬೂಟು ಹಾಕಿಕೊಂಡು ನಿಂತರು. ರಾಬಿನ್ಸ್‌ವಿಲ್ ಕಡೆಯಿಂದ ಬಂದಿದ್ದ ನಮ್ಮ ಪುರೋಹಿತರು ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು, ಹೆದರುವ ಜಾತಿಯಲ್ಲ. ಸೌಟಿನಲ್ಲಿ ತುಪ್ಪ ಹಿಡಿದುಕೊಂಡೇ ಇಂಗ್ಲಿಷಿನಲ್ಲಿ ಹೇಳಿದರು:

"ಸರ್, ಇದನ್ನು ನಡುವೆ ನಿಲ್ಲಿಸೋ ಹಾಗಿಲ್ಲ. ಅಗ್ನಿ ನಮ್ಮ ಅತಿಥಿ."

ಕ್ಯಾಪ್ಟನ್ ಬಗ್ಗಿ ಬೂಟು ಬಿಚ್ಚಿದರು. ಒಳಗೆ ಬಂದು ಕುಂಡದ ಸುತ್ತ ಒಂದು ಸುತ್ತು ನೋಡಿದರು. ಟರ್ಕಿ ಕೋಳಿ ಬೇಯಿಸುವ ದೊಡ್ಡ ಅಲ್ಯೂಮಿನಿಯಂ ಟ್ರೇ, ಅದರಲ್ಲಿ ಮರಳು, ಮರಳಿನ ಮೇಲೆ ಇಟ್ಟಿಗೆ. ನಮ್ಮವರೆಲ್ಲ ಹಾಗೇ ಮಾಡುವುದು.

"ನಮಗೂ ಅತಿಥೀನೇ," ಎಂದರು. "ಎದ್ದು ಹೊರಡಪ್ಪಾ ಅಂತ ಹೇಳೋ ಕೆಲಸ ಮಾತ್ರ ನನ್ನದು."

ಎಲ್ಲರೂ ನಕ್ಕರು. ಅವರು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಪೂರ್ಣಾಹುತಿ ಮುಗಿಯುವವರೆಗೆ ಕೂತರು. ಕೊನೆಗೆ ಕೆಂಡಕ್ಕೆ ನೀರು ಹಾಕಬೇಕು ಎಂದಾಗ ಪುರೋಹಿತರು ಒಪ್ಪಲಿಲ್ಲ. ಹೋಮಾಗ್ನಿಗೆ ನೀರು ಸುರಿಯಬಾರದು, ಹಾಲು ಹಾಕಿ ಶಾಂತಿ ಮಾಡುತ್ತೇವೆ ಎಂದರು. ಕ್ಯಾಪ್ಟನ್ ನಮ್ಮ ಫ್ರಿಜ್ಜಿನ ಕಡೆ ತಿರುಗಿ ಕೇಳಿದರು: "ಕೆನೆ ಇರೋ ಹೋಲ್ ಮಿಲ್ಕಾ, ಕೆನೆ ತೆಗೆದ ಟೂ ಪರ್ಸೆಂಟಾ?"

ಆವತ್ತಿನ ಒಪ್ಪಂದ ಹೀಗೆ: ಮೊದಲು ಪುರೋಹಿತರು ಹಾಲು ಹಾಕುವುದು. ಅವರು ಕೈಮುಗಿದು ಎದ್ದ ಮೇಲೆ ಕ್ಯಾಪ್ಟನ್ ಟ್ರೇಯನ್ನು ಹೊರಗೆ ಡ್ರೈವ್‌ವೇ ಕಾಂಕ್ರೀಟಿನ ಮೇಲೆ ಇಟ್ಟು ಬಕೆಟ್ ನೀರು ಸುರಿಯುವುದು. ಅಲಾರಂ ಮುಚ್ಚಬೇಕಿದ್ದರೆ ಹಿಂದಿನ ದಿನ ಫೈರ್‌ಹೌಸಿಗೆ ಫೋನ್ ಮಾಡುವುದು, ಅವರ ಕಡೆಯಿಂದ ಒಬ್ಬರು ಬಂದು ಬೆಂಕಿ ಆರುವ ತನಕ ಕೂತಿರುವುದು. ಯಾವ ಕಾಗದವೂ ಇಲ್ಲ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು ಹೋಯಿತು: "ಹೋಮ ಇದ್ದರೆ ಕ್ಯಾಪ್ಟನ್‌ಗೆ ಹೇಳಿಬಿಡಿ." ಆಮೇಲೆ ಎಷ್ಟೋ ವರ್ಷ, ಎಷ್ಟೋ ಮನೆಗಳಲ್ಲಿ ಅವರೇ ಬಂದರು. ಕೇಸರಿಬಾತ್ ಅವರಿಗೆ ಇಷ್ಟವಾಯಿತು, ಚಿತ್ರಾನ್ನದ ಕರಿಬೇವನ್ನು ಮಾತ್ರ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಪೂರ್ಣಾಹುತಿಗೆ ಹಾಕುವ ಕೊಬ್ಬರಿ ಗಿಟುಕನ್ನು ಇಕ್ಕಳದಿಂದ ಎತ್ತಿ ತೋರಿಸಿ, "ನೋಡಿ, ಕಳ್ಳ ಇವನೇ. ಮೇಲೆ ಕಪ್ಪಗಾಗಿ ಸತ್ತ ಹಾಗೆ ಇರ್ತಾನೆ. ಒಳಗೆ ಸಾಯಂಕಾಲದವರೆಗೆ ಜೀವ ಇರುತ್ತೆ," ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ಟೀಚರ್ ನಮ್ಮ ಪಕ್ಕದ ಮನೆಯವರು. ಟೌನ್‌ಹೌಸ್‌ಗಳೆಂದರೆ ಸಾಲು ಮನೆಗಳು. ನಡುವೆ ಒಂದೇ ಗೋಡೆ, ಮೇಲೆ ಅಟ್ಟ ಹಂಚಿಕೊಂಡಂತೆ. ಅವರು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಂಬತ್ತು ದಾಟಿತ್ತು, ಮಂಡಿ ಹೋಗಿತ್ತು. ಮೆಟ್ಟಿಲಿಗೆ ಜೋಡಿಸಿದ ಕರೆಂಟಿನ ಕುರ್ಚಿಯಲ್ಲಿ ಕೂತು ಮಹಡಿಗೆ ಹತ್ತಿ ಇಳಿಯುತ್ತಿದ್ದರು. ನನ್ನ ಮಗಳಿಗೆ ಕೂಡಿಸಿ ಓದುವುದನ್ನು ಕಲಿಸಿದವರು ಅವರು. ನಮ್ಮಲ್ಲಿ ಹೋಮವಿದ್ದ ದಿನ ಬೆಳಿಗ್ಗೆ ಒಂದು ಡಬ್ಬಿ ಸಿಹಿ ಕೊಟ್ಟು, "ಇವತ್ತು ಹೊಗೆ ಬರುತ್ತೆ, ಗಾಬರಿಯಾಗಬೇಡಿ," ಎಂದು ಹೇಳಿ ಬರುವುದು ನನ್ನ ಪದ್ಧತಿ. "ನನಗೆ ಆ ವಾಸನೆ ಇಷ್ಟ," ಎನ್ನುತ್ತಿದ್ದರು.

ನಗರಸಭೆಗೂ ಸ್ವಯಂಸೇವಕರಿಗೂ ಜಗಳ ಶುರುವಾದಾಗ ನಾನು ಮನಸ್ಸಿನಲ್ಲಿ ನಗರಸಭೆಯ ಕಡೆಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಔಷಧ ಕಂಪನಿಯಲ್ಲಿ ಗುಣಮಟ್ಟ ತಪಾಸಣೆ ನನ್ನ ಕೆಲಸ. ಬರೆದಿಡದ ಕೆಲಸ ನಡೆದೇ ಇಲ್ಲ ಎಂದು ಎಣಿಸಿ ಇಪ್ಪತ್ತು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ನಗರಸಭೆ ಕೇಳಿದ್ದೂ ಅದನ್ನೇ. ಯಾರಿಗೆ ಎಷ್ಟು ತರಬೇತಿಯಾಗಿದೆ, ಹಗಲು ಹೊತ್ತು ಎಷ್ಟು ಜನ ಬರುತ್ತೀರಿ, ದಾಖಲೆ ಕೊಡಿ, ಎಲ್ಲ ಫೈರ್ ಕಂಪನಿಗಳೂ ನಮ್ಮ ನಿರ್ದೇಶಕರ ಕೈಕೆಳಗೆ ಬನ್ನಿ, ಈ ಕರಾರಿಗೆ ಸಹಿ ಹಾಕಿ. ಕಂಪನಿಗಳು ಒಪ್ಪಲಿಲ್ಲ. ಕ್ಯಾಪ್ಟನನ್ನು ನಾವೇ ಆರಿಸುತ್ತೇವೆ, ಕಟ್ಟಡ ನಮ್ಮ ಅಜ್ಜಂದಿರು ಕಟ್ಟಿದ್ದು, ನೀವು ಯಾರು ಎಂದವು. ಬೇಸಿಗೆಯುದ್ದಕ್ಕೂ ಅಂಗಳಗಳಲ್ಲಿ ಸ್ವಯಂಸೇವಕರ ಪರ ಕೆಂಪು ಬೋರ್ಡು, ನಗರಸಭೆಯ ಪರ ನೀಲಿ ಬೋರ್ಡು. ಹೇರ್ ಕಟಿಂಗ್ ಅಂಗಡಿಯಲ್ಲೂ ಎರಡು ಪಕ್ಷ. ನಮ್ಮವರು ಯಾರೂ ಬೋರ್ಡು ನೆಡಲಿಲ್ಲ. "ಅವರವರ ಲೋಕಲ್ ಪಾಲಿಟಿಕ್ಸು, ನಮಗ್ಯಾಕೆ," ಎಂದರು ನನ್ನ ಗಂಡ. ಕ್ಯಾಪ್ಟನ್ ಒಂದು ದಿನ ಮನೆಗೆ ಬಂದು, ನಗರಸಭೆಯ ಸಭೆಗೆ ನಿಮ್ಮವರು ನಾಲ್ಕು ಜನ ಬಂದು ಮಾತಾಡಿದರೆ ಉಪಕಾರವಾಗುತ್ತದೆ ಎಂದು ಕೇಳಿದ್ದರು. ನೋಡುತ್ತೇವೆ ಎಂದೆವು. ಆ ಸಂಜೆ ನಾವು ನ್ಯೂಯಾರ್ಕ್ ಕಡೆಯ ಹಿಕ್ಸ್‌ವಿಲ್‌ಗೆ ನೆಂಟರ ಮದುವೆಯ ಸೀರೆ ನೋಡಲು ಹೋದೆವು.

ಎಲೆ ಉದುರುವ ಕಾಲಕ್ಕೆ ನಗರಸಭೆ ಕಂಪನಿಗಳನ್ನು ಅಮಾನತು ಮಾಡಿತು. ಪೊಲೀಸರು ನಿಂತು ಫೈರ್‌ಹೌಸಿನ ಬೀಗ ಬದಲಾಯಿಸಿದರು. ಕೋಟು, ಹೆಲ್ಮೆಟ್ಟು, ಉಸಿರಾಟದ ಮುಸುಕು ಎಲ್ಲ ಒಳಗೇ ಉಳಿದವು. ಅಮಾನತಾದವರು ಬೆಂಕಿಯ ಜಾಗಕ್ಕೆ ಬಂದರೆ ಬಂಧಿಸಲಾಗುವುದು ಎಂದು ನೋಟಿಸು ಅಂಟಿಸಿದರು. ಹೊಸ ವ್ಯವಸ್ಥೆಯಾಗುವ ತನಕ ಪಕ್ಕದೂರಿನ ಲಾರಿಗಳು ಬರುತ್ತವೆ ಎಂದು ಎಲ್ಲರ ಮನೆಗೂ ಕಾಗದ ಬಂತು. ಅಚ್ಚುಕಟ್ಟಾದ ಕಾಗದ. ಓದಿ ಫ್ರಿಜ್ಜಿಗೆ ಅಂಟಿಸಿದೆ.

ನಮ್ಮ ನವಗ್ರಹ ಹೋಮ ಅದಾದ ಮೂರು ವಾರಕ್ಕೆ. ಗಂಡನಿಗೆ ಸ್ಟೆಂಟ್ ಹಾಕಿಸಿ ಒಂದು ವರ್ಷ ತುಂಬಿತ್ತು, ಅದಕ್ಕೆ. ನಗರಸಭೆಗೆ ಫೋನ್ ಮಾಡಿ ಕೇಳಿದೆ. ಮಾತಾಡಿದ ಹೆಂಗಸು ಬಹಳ ಸೌಜನ್ಯದಿಂದ, ಬಯಲಿನಲ್ಲಿ ಸೌದೆ ಸುಡುವುದಕ್ಕೆ ಒಂದು ಫಾರಂ ಇದೆ, ಮನೆಯೊಳಗೆ ಪೂಜೆಗೆ ಸುಡುವುದಕ್ಕೆ ಫಾರಂ ಇಲ್ಲ ಎಂದಳು. ಕೊನೆಗೆ ಕ್ಯಾಪ್ಟನ್‌ಗೇ ಫೋನ್ ಮಾಡಿದೆ.

"ನಾನು ಬರೋ ಹಾಗಿಲ್ಲಮ್ಮ," ಎಂದರು. 'ಮ್ಯಾಮ್' ಎಂದೇ ಅವರು ಅನ್ನುತ್ತಿದ್ದದ್ದು, ನನ್ನ ಕಿವಿಗೆ ಯಾವಾಗಲೂ 'ಅಮ್ಮ' ಎಂದೇ ಕೇಳುತ್ತಿತ್ತು. "ನಿಮ್ಮ ಮನೆಯಲ್ಲಿ ಕೂತರೂ ಕೇಸು ಹಾಕ್ತಾರೆ. ಮುಂದಕ್ಕೆ ಹಾಕೋಕೆ ಆಗಲ್ವಾ?"

"ಮುಹೂರ್ತ ಇಟ್ಟಾಗಿದೆ. ಇಪ್ಪತ್ತೈದು ಜನರನ್ನ ಕರೆದಿದ್ದೀವಿ."

"ಸರಿ. ಹಾಗಾದ್ರೆ ಬರ್ಕೊಳ್ಳಿ. ಹಾಲು, ಆಮೇಲೆ ನೀರು. ಎರಡೂ. ಕೊಬ್ಬರಿ ಒಡೆದು ನೀರು ಹಾಕಿ. ಟ್ರೇ ಕಾಂಕ್ರೀಟಿನ ಮೇಲೆ. ಮರದ ಮೇಲೆ ಯಾವ ಕಾರಣಕ್ಕೂ ಬೇಡ."

ಬರೆದುಕೊಂಡೆ. ಬರೆದುಕೊಳ್ಳುವುದು ನನ್ನ ವೃತ್ತಿ.

ಆ ಬೆಳಿಗ್ಗೆ ಟೀಚರ್‌ಗೆ ಡಬ್ಬಿ ಕೊಟ್ಟು ಬಂದೆ. ಹೊಗೆ ಬರುತ್ತೆ, ಗಾಬರಿಯಾಗಬೇಡಿ ಎಂದೆ. ಊಟಕ್ಕೆ ಬನ್ನಿ ಎಂದೆ. ಮಂಡಿ ಬಹಳ ನೋಯುತ್ತಿದೆ, ಮಹಡಿಯಲ್ಲೇ ಮಲಗಿರುತ್ತೇನೆ, ಸಾಧ್ಯವಾದರೆ ಒಂದು ತಟ್ಟೆ ಕಳಿಸು ಎಂದರು.

ಹೋಮ ಚೆನ್ನಾಗಿ ಆಯಿತು. ಪುರೋಹಿತರಿಗೆ ಹೋಬೋಕನ್‌ನಲ್ಲಿ ಎರಡು ಗಂಟೆಗೆ ಇನ್ನೊಂದು ಪೂಜೆಯಿತ್ತು. ಅವಸರದಲ್ಲಿ ಹಾಲು ಹಾಕಿ, ರಕ್ಷೆ ಹಚ್ಚಿ ಹೊರಟರು. ಹೊರಡುವಾಗ, "ನೀರು ಈಗ್ಲೇ ಬೇಡಮ್ಮ, ಸಾಯಂಕಾಲ ವಿಸರ್ಜನೆ ಮಾಡ್ಕೊಳ್ಳಿ," ಎಂದರು. ಹೊಗೆಗೆ ಮಕ್ಕಳು ಕೆಮ್ಮುತ್ತಿದ್ದರು. ಜಮಖಾನ ಹಾಸಿ ಊಟಕ್ಕೆ ಜಾಗ ಮಾಡಬೇಕಿತ್ತು. ಗಂಡನೂ ಅವರ ಸ್ನೇಹಿತರೂ ಸೇರಿ ಟ್ರೇಯನ್ನು ಎತ್ತಿ, ಹತ್ತಿರದ ಗಾಜಿನ ಬಾಗಿಲು ತೆಗೆದು, ಮನೆಯ ಹಿಂದೆ ಜಗಲಿಯಂತಿದ್ದ ಡೆಕ್ ಮೇಲೆ ಇಟ್ಟರು. ಡೆಕ್ ಮರದ್ದು.

ನಾನು ನೋಡಿದೆ. ಕೋಸಂಬರಿಯ ಪಾತ್ರೆ ಹಿಡಿದು ಅಡುಗೆಮನೆಯಿಂದ ಬರುವಾಗ ಗಾಜಿನಾಚೆ ಟ್ರೇ ಕಂಡಿತು. ಬೂದಿ ಬೆಳ್ಳಗೆ, ಹಾಲು ಚೆಲ್ಲಿದ ಕಲೆ, ಒಂದು ಚೂರೂ ಹೊಗೆಯಿಲ್ಲ. ಮರದ ಮೇಲೆ ಬೇಡ ಎಂದಿದ್ದರಲ್ಲ ಎಂದು ಮನಸ್ಸಿಗೆ ಬಂತು. ಪಾಯಸ ಬಡಿಸಿದ ಮೇಲೆ ತೆಗೆಸೋಣ ಎಂದುಕೊಂಡೆ. ಇದು ಒಂದು ಜಾಗ. ಇಲ್ಲಿ ನಾನು ಅತಿ ಹೆಚ್ಚು ಸಲ ನಿಲ್ಲಿಸುತ್ತೇನೆ. ಪಾತ್ರೆ ಕೆಳಗಿಡುತ್ತೇನೆ, ಬಾಗಿಲು ತೆಗೆಯುತ್ತೇನೆ, ಒಂದು ಬಕೆಟ್ ನೀರು ಸುರಿಯುತ್ತೇನೆ, ಬಂದು ಕೋಸಂಬರಿ ಬಡಿಸುತ್ತೇನೆ.

ಪಾಯಸದ ನಂತರ ಮಜ್ಜಿಗೆ, ಮಜ್ಜಿಗೆಯ ನಂತರ ಹರಟೆ. ಯಾರೋ "ಏನೋ ಸೀದ ವಾಸನೆ," ಎಂದರು. "ಅನ್ನ ತಳ ಹಿಡೀತೇನೋ," ಎಂದು ಇನ್ನೊಬ್ಬರು. "ಹೋಮದ್ದು ಬಿಡಿ, ಇವತ್ತೆಲ್ಲ ಹೀಗೇ ಇರುತ್ತೆ." ತಲೆಯ ಮೇಲೆ ಐದು ಅಲಾರಂಗಳು ಟೋಪಿ ಹಾಕಿಕೊಂಡು ಸುಮ್ಮನಿದ್ದವು. ಮೆಟ್ಟಿಲಿಂದ ಇಳಿದು ಬಂದ ಮಗಳು, ಅವಳಿಗೆ ಹದಿಮೂರು, ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಅಮ್ಮಾ, ದಿ ಡೆಕ್ ಈಸ್ ಆನ್ ಫೈರ್." ಎಲ್ಲರೆದುರು ಕೂಗಿ ಹೇಳಿದರೆ ನನಗೆ ಅವಮಾನವಾದೀತು ಎಂದು ಹಾಗೆ ಹೇಳಿದಳಂತೆ.

ಅಷ್ಟರಲ್ಲಿ ಡೆಕ್ಕಿನಿಂದ ಬೆಂಕಿ ಗೋಡೆಗೆ ಹತ್ತಿತ್ತು. ಇಲ್ಲಿಯ ಮನೆಗಳ ಹೊರಗೋಡೆಗೆ ಹೊದಿಸುವುದು ಒಂದು ಬಗೆಯ ಪ್ಲಾಸ್ಟಿಕ್ಕು. ಅದು ಮೇಣದ ಹಾಗೆ ಕರಗಿ ಇಳಿಯುತ್ತದೆ, ಬೆಂಕಿ ಮಾತ್ರ ಮೇಲಕ್ಕೆ ಓಡುತ್ತದೆ. ಗಂಡ ಮಜ್ಜಿಗೆಯ ಪಾತ್ರೆಯನ್ನೇ ಎತ್ತಿ ಎರಚಿದರು. ನಾನು 911ಕ್ಕೆ ಫೋನ್ ಮಾಡಿದೆ. ಎಲ್ಲರೂ ಮುಂಬಾಗಿಲಿಗೆ ಓಡಿದರು, ಓಡಿ ಅಲ್ಲಿ ನಿಂತುಬಿಟ್ಟರು. ಬಾಗಿಲ ಮುಂದೆ ಇಪ್ಪತ್ತೈದು ಜನರ ಚಪ್ಪಲಿ ಶೂಗಳ ರಾಶಿ. ಬೆನ್ನ ಹಿಂದೆ ಮನೆ ಉರಿಯುತ್ತಿದ್ದರೆ ನಾವು ಬಗ್ಗಿ ನಮ್ಮ ನಮ್ಮ ಜೊತೆ ಹುಡುಕುತ್ತಿದ್ದೆವು. "ನನ್ನ ಚಪ್ಲಿ ಎಲ್ಲಿ ಹೋದ್ವು ನೋಡ್ರಿ, ಹೊಸಾವು!" ಎಂದು ಧಾರವಾಡದ ಆಂಟಿ ಒಬ್ಬರು. "ಆಂಟಿ, ಬಿಟ್ಬಿಟ್ಟು ನಡೀರಿ!" ಎಂದು ಇನ್ನೊಬ್ಬರು ಅವರನ್ನು ತಳ್ಳಿದರು. ನಾನೂ ಒಂದು ಶೂ ಹಾಕಿಕೊಂಡು ಇನ್ನೊಂದಕ್ಕೆ ಹುಡುಕಿದೆ. ಅದೂ ಒಂದು ಜಾಗ.

ಹುಲ್ಲಿನ ಮೇಲೆ ಬಂದು ತಲೆ ಎಣಿಸಿದೆವು. ನಮ್ಮವರೆಲ್ಲ ಇದ್ದರು. ಆಗ ಪಕ್ಕದ ಮನೆಯ ಮಹಡಿಯ ಕಿಟಕಿಯ ಗಾಜು ಮೇಲಕ್ಕೆ ಸರಿದು ಟೀಚರ್ ಮುಖ ಕಂಡಿತು. ಕೈ ಬೀಸಿ ಹೊಗೆ ಓಡಿಸುತ್ತಿದ್ದರು.

"ಡಿಯರ್, ನಿಮ್ಮ ಪೂಜೆ ಇನ್ನೂ ಮುಗಿದಿಲ್ವಾ?" ಎಂದು ನನ್ನನ್ನು ಕೇಳಿದರು. "ವಾಸನೆ ಬಂದಾಗ ಅದೇ ಅಂದ್ಕೊಂಡು ಬಾಗಿಲು ಹಾಕಿ ಮಲಗಿದ್ದೆ."

"ಬೆಂಕಿ! ಇಳೀರಿ! ಕೆಳಗೆ ಬನ್ನಿ!" ಎಂದು ಕಿರುಚಿದೆ.

ಒಳಗೆ ಹೋಗಿ ತಿರುಗಿ ಬಂದರು. ಕರೆಂಟು ಹೋಗಿತ್ತು, ಮೆಟ್ಟಿಲ ಕುರ್ಚಿ ಕೆಲಸ ಮಾಡುತ್ತಿರಲಿಲ್ಲ. ಮೆಟ್ಟಿಲು ಪೂರ್ತಿ ಕಪ್ಪು ಹೊಗೆ ಎಂದರು. ಅವರ ದನಿಯಲ್ಲಿ ಗಾಬರಿಯೇ ಇರಲಿಲ್ಲ. "ಪರವಾಗಿಲ್ಲ, ನಾನು ಕಾಯ್ತೀನಿ. ಫೈರ್‌ಹೌಸು ಇಲ್ಲೇ ಅಲ್ವಾ."

ಮೊದಲು ಬಂದದ್ದು ಪೊಲೀಸ್ ಕಾರು. ಮೂವತ್ತರ ಆಸುಪಾಸಿನ ಅಧಿಕಾರಿ. ಟೀಚರ್ ಮನೆಯ ಮುಂಬಾಗಿಲು ಒದ್ದು ತೆಗೆದರು, ಹೊಗೆ ಅವರನ್ನು ಹೊರಗೆ ನೂಕಿತು. ಎರಡನೆಯ ಸಲ ಹೋದರು, ಮಂಡಿಯೂರಿಕೊಂಡು ವಾಪಸು ಬಂದರು. ಅಷ್ಟರಲ್ಲಿ ಕ್ಯಾಪ್ಟನ್ ಓಡಿ ಬಂದರು. ಹೀಟರ್ ರಿಪೇರಿಯ ಶರ್ಟು, ಬರಿಗೈ. ಪೊಲೀಸು ಎದ್ದು ಅವರ ಎದೆಗೆ ಅಂಗೈ ಅಡ್ಡ ಹಿಡಿದರು.

"ಬೇಡ ಕ್ಯಾಪ್ಟನ್. ನೀವು ಒಳಗೆ ಹೋದ್ರೆ ನಾನು ಅರೆಸ್ಟ್ ಮಾಡ್ಬೇಕಾಗುತ್ತೆ. ನನ್ನ ಕೈಯಲ್ಲಿ ಮಾಡಿಸ್ಬೇಡಿ."

"ನಿನಗೆ ಎದೆ ಒತ್ತಿ ಉಸಿರು ಬರಿಸೋದನ್ನ ಕಲಿಸಿದ್ದು ಯಾರು?"

"ನೀವೇ. ಅದಕ್ಕೇ ಹೇಳ್ತಿರೋದು."

"ನನ್ನ ಕೋಟು, ಮುಸುಕು ಎರಡು ಬೀದಿ ಆಚೆ ಗೂಟಕ್ಕೆ ನೇತಾಡ್ತಿದೆ. ಬೀಗದ ಕೈ ನಿಮ್ಮ ಸ್ಟೇಷನ್ನಲ್ಲಿ. ಕೇಳು ಅವರನ್ನ, ತೆಗೀತಾರಾ ಅಂತ."

ಪೊಲೀಸು ರೇಡಿಯೋದಲ್ಲಿ ಕೇಳಿದರು. ಅತ್ತಲಿಂದ ಬಂದ ಉತ್ತರ ನನಗೂ ಕೇಳಿಸಿತು: ಪಕ್ಕದೂರಿನ ಲಾರಿ ಹೊರಟಿದೆ, ಅಮಾನತಾದವರನ್ನು ದೂರ ಇಡಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಎಷ್ಟು ಹೊತ್ತೋ ತಿಳಿಯದು. ಮೇಲೆ ಟೀಚರ್ ಕೆಮ್ಮುತ್ತಿದ್ದರು.

ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಏಣಿ ಇದೆಯಾ?" ಎಂದರು. ದೀಪಾವಳಿಗೆ ದೀಪದ ಸರ ಕಟ್ಟಲು ಇಟ್ಟುಕೊಂಡಿದ್ದ ಏಣಿ ಗ್ಯಾರೇಜಿನಲ್ಲಿತ್ತು. ಗ್ಯಾರೇಜಿಗೆ ಇನ್ನೂ ಬೆಂಕಿ ಬಂದಿರಲಿಲ್ಲ. ಗಂಡನೂ ಸ್ನೇಹಿತರೂ ತಂದರು. ಗೋಡೆಗೆ ಒರಗಿಸಿದರೆ ಕಿಟಕಿಗೆ ಒಂದು ಆಳು ಗಿಡ್ಡ. ಆದರೂ ಕ್ಯಾಪ್ಟನ್ ಹತ್ತಿದರು. ಪೊಲೀಸು ತಡೆಯಲಿಲ್ಲ. ಏಣಿಯ ಒಂದು ಕಾಲನ್ನು ಅವರು ಹಿಡಿದರು, ಇನ್ನೊಂದನ್ನು ನಾನು. ಕೊನೆಯ ಮೆಟ್ಟಿಲ ಮೇಲೆ ನಿಂತು ಕ್ಯಾಪ್ಟನ್ ಎರಡೂ ಕೈ ಮೇಲೆತ್ತಿದರು. ಟೀಚರ್ ಬಗ್ಗಿ ಅವರ ಕೈ ಹಿಡಿದುಕೊಂಡರು.

"ಕಾಲು ಹೊರಗೆ ಹಾಕಿ. ಒಂದೇ ಕಾಲು. ನಾನು ಹಿಡ್ಕೊಂಡಿದ್ದೀನಿ."

"ಮಂಡಿ ಮಡಿಸೋಕೆ ಆಗ್ತಿಲ್ಲ."

"ಆಗುತ್ತೆ."

"ಆಗ್ತಿಲ್ಲಪ್ಪ."

ಅವರ ಬೆನ್ನ ಹಿಂದಿದ್ದ ಕೋಣೆ ನಾನು ನೋಡನೋಡುತ್ತಿದ್ದಂತೆ ಕಪ್ಪಾಯಿತು. ಹೊಗೆ ಅವರ ತಲೆಯ ಎರಡೂ ಪಕ್ಕದಿಂದ ಉಕ್ಕಿ ಹೊರಬಂತು. ಆಮೇಲೆ ಕ್ಯಾಪ್ಟನ್ ಕೈಗಳು ಖಾಲಿಯಿದ್ದವು. ಟೀಚರ್ ಒಳಕ್ಕೆ ಜಾರಿದ್ದರು. ಕ್ಯಾಪ್ಟನ್ ಕಿಟಕಿಯ ಅಂಚು ಹಿಡಿದು ಮೇಲಕ್ಕೆ ಎಗರಲು ನೋಡಿದರು. ಉಸಿರು ಕಟ್ಟಿ, ಏಣಿಯ ಮೇಲೆ ಕುಸಿದು ನಮ್ಮಿಬ್ಬರ ಮೇಲೆ ಬಿದ್ದರು.

ಪಕ್ಕದೂರಿನ ಲಾರಿ ಆಗ ಬೀದಿಯ ತಿರುವಿನಲ್ಲಿ ಕಂಡಿತು. ಮುಸುಕು ಹಾಕಿಕೊಂಡವರು ಒಳಗೆ ಹೋದರು. ನೋಡುವುದಕ್ಕೆ ಎಷ್ಟು ಸಲೀಸಾಗಿತ್ತು. ಹೋದರು, ಎತ್ತಿಕೊಂಡು ಬಂದರು. ಟೀಚರ್ ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದರು. ಕಣ್ಣು ತೆರೆಯಲಿಲ್ಲ.

ಅವತ್ತು ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಪ್ರಶ್ನೆಗಳು ಬಂದವು. ಯಾರೋ ಉತ್ತರಿಸಿದರು: "ದೇವರ ದಯೆ, ನಮ್ಮೋರೆಲ್ಲ ಸೇಫ್." ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ನಾನು ಗ್ರೂಪಿನಿಂದ ಹೊರಬಂದೆ. ಅದರಿಂದ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಯಾರೋ ಮತ್ತೆ ಸೇರಿಸಿದರು.

ಟೀಚರ್ ಮಗಳು ಬೇರೆ ರಾಜ್ಯದಿಂದ ಬಂದಿದ್ದಳು. ಶವಸಂಸ್ಕಾರದ ಮರುದಿನ ಅವಳು ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ ಮಾತಾಡಿಸಿದೆ. ಮೊದಲೇ ಯಾಕೆ ಹೊರಗೆ ಬರಲಿಲ್ಲ ಅಂತ ನನಗೆ ಅರ್ಥವಾಗುತ್ತಿಲ್ಲ, ಅಮ್ಮ ಅಷ್ಟು ದಡ್ಡಿಯಲ್ಲ ಎಂದಳು. ಗಾಬರಿಯಾಗಬೇಡಿ ಎಂದು ಬೆಳಿಗ್ಗೆ ನಾನೇ ಹೇಳಿ ಬಂದಿದ್ದನ್ನು ಹೇಳಿದೆ. ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. "ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದು ಬಾಗಿಲು ಹಾಕಿಕೊಂಡಳು.

ನಗರಸಭೆಯಲ್ಲಿ ವಿಚಾರಣೆ ನಡೆಯಿತು. ಎರಡು ಪಕ್ಷದವರೂ ನನ್ನನ್ನು ಕರೆದಿದ್ದರು, ಎರಡು ಪಕ್ಷಕ್ಕೂ ಟೀಚರ್ ಬೇಕಾಗಿದ್ದರು. ನೋಡಿ, ಅಲಾರಂ ಮುಚ್ಚಿಸಿ ಮನೆಯೊಳಗೆ ಬೆಂಕಿ ಹಾಕಿಸುವ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿದವರು ಇದೇ ಸ್ವಯಂಸೇವಕರು ಎಂದಿತು ನಗರಸಭೆ. ಬೀಗ ಹಾಕದಿದ್ದರೆ ನಾವು ಎರಡು ಬೀದಿ ಆಚೆ ಇದ್ದೆವು ಎಂದವು ಕಂಪನಿಗಳು. ಎರಡೂ ನಿಜ. ಸಾರ್ವಜನಿಕರಿಗೆ ಮೂರು ಮೂರು ನಿಮಿಷ. ಮೈಕಿನ ಪಕ್ಕ ಹಸಿರು, ಹಳದಿ, ಕೆಂಪು ದೀಪ. ನಾನು ಬರೆದುಕೊಂಡು ಹೋಗಿದ್ದೆ. ಅಲಾರಂ ಮುಚ್ಚಿದ್ದು ನಾನು. ಮರದ ಮೇಲೆ ಇಡಬೇಡಿ ಎಂದು ಕ್ಯಾಪ್ಟನ್ ಹೇಳಿದ್ದರು, ಇಟ್ಟಿದ್ದನ್ನು ನಾನು ನೋಡಿದ್ದೆ. ಹೊಗೆ ಬಂದರೆ ಚಿಂತೆ ಮಾಡಬೇಡಿ ಎಂದು ಟೀಚರ್‌ಗೆ ಹೇಳಿದ್ದೂ ನಾನು. ದೀಪ ಹಳದಿಗೆ ಬರುವ ಮುಂಚೆಯೇ ಮುಗಿಯಿತು. ಆಮೇಲೆ ಹಿಂದಿನಿಂದ ಒಬ್ಬ, "ಆದರೂ ಬೀಗ ಹಾಕಿದ್ಯಾರು?" ಎಂದು ಕೂಗಿದ. ಇನ್ನೊಬ್ಬ, "ನಿನ್ನ ತರಬೇತಿ ಸರ್ಟಿಫಿಕೇಟ್ ಎಲ್ಲಿ, ಅದು ಹೇಳು," ಎಂದ. ಮತ್ತೆ ಶುರುವಾಯಿತು. ನನ್ನ ಮಾತು ಯಾರ ಕಡೆಗೂ ಉಪಯೋಗಕ್ಕೆ ಬರಲಿಲ್ಲ. ಕಾಗದ ಮಡಿಸಿ ಕೂತೆ.

ಚಳಿಗಾಲದಲ್ಲಿ, ನಾವು ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನ ಹೀಟರ್ ಕೆಟ್ಟಿತು. ಮಾಲೀಕರು ಕಳಿಸಿದ್ದು ಕ್ಯಾಪ್ಟನನ್ನೇ. ಬಾಗಿಲು ತೆಗೆದೆ. ಅವರು ಬಗ್ಗಿ ಬೂಟು ಬಿಚ್ಚತೊಡಗಿದರು. ಬೇಡ ಎಂದರೂ ಬಿಚ್ಚಿದರು. ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬರುತ್ತಿತ್ತು. ಶ್ವಾಸಕೋಶ ಮೊದಲಿನಂತಾಗುವುದಿಲ್ಲ ಎಂದಿದ್ದಾರಂತೆ ವೈದ್ಯರು.

ಕೆಲಸ ಮುಗಿಸಿ ಕಾಫಿ ಕುಡಿಯುವಾಗ, "ಕರಾರಿಗೆ ಸಹಿ ಹಾಕಿದ್ವಿ," ಎಂದರು. "ಹೋದ ವಾರ. ಅವರು ಕೇಳಿದ್ದಕ್ಕೆಲ್ಲ. ನಾನೇ ಎಲ್ಲರಿಗೂ ಹೇಳಿ ಹಾಕಿಸಿದೆ."

"ಹಾಗಾದ್ರೆ ಫೈರ್‌ಹೌಸ್ ಬೀಗ ತೆಗೀತಾರಾ?"

"ಇಲ್ಲ. ಈಗ ಅವರಿಗೆ ಬೇಡವಂತೆ. ಪಕ್ಕದೂರಿನ ಜೊತೆ ಕರಾರು ಆಗಿಹೋಗಿದೆ. ಕಟ್ಟಡ ಏನು ಮಾಡಬೇಕು ಅಂತ ಕಮಿಟಿ ಮಾಡಿದ್ದಾರೆ." ಕೆಮ್ಮಿದರು, ಕೆಮ್ಮು ನಿಲ್ಲುವವರೆಗೆ ಕಾದರು. "ಏಪ್ರಿಲ್‌ನಲ್ಲೇ ಹಾಕಬಹುದಿತ್ತು. ಅದೇ ಕಾಗದ, ಅದೇ ಪೆನ್ನು."

ನೀವು ಅಷ್ಟಾದರೂ ಹತ್ತಿದಿರಿ ಎಂದೆ. ಅವತ್ತಿನಿಂದ ಅವರಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದು. ಇಡೀ ವಿಷಯದಲ್ಲಿ ತಪ್ಪಿಲ್ಲದವರು ನೀವೊಬ್ಬರೇ ಎಂದೂ ಹೇಳಿದೆ.

ಅವರು ಕಪ್ಪು ಕೆಳಗಿಟ್ಟರು.

"ಆ ಪೊಲೀಸು ನನ್ನ ತಡೆದನಲ್ಲ," ಎಂದರು. "ಆಗ ನನಗೆ ಮೊದಲು ಏನನ್ನಿಸಿತು ಗೊತ್ತಾ? ಒಳ್ಳೇದಾಯ್ತು ಅನ್ನಿಸಿತು. ಈಗ ನೋಡಲಿ ಇಡೀ ಊರು, ಬೀಗ ಹಾಕಿದ್ರೆ ಏನಾಗುತ್ತೆ ಅಂತ. ಅಲ್ಲೇ ನಿಂತೆ ನಾನು. ಅವನು ಹಿಡ್ಕೊಂಡಿದ್ದಕ್ಕಲ್ಲ. ಅವನ ಕೈ ಏನು ದೊಡ್ಡದಲ್ಲ. ಟೀಚರ್ ಮೇಲೆ ಕೆಮ್ತಿದ್ರು, ನಾನು ಕೆಳಗೆ ನಿಂತು ನಗರಸಭೆ ಜೊತೆ ಗೆಲ್ತಿದ್ದೆ. ಅರ್ಧ ನಿಮಿಷವೋ, ಒಂದು ನಿಮಿಷವೋ. ಆಮೇಲೆ ಏಣಿ ಕೇಳಿದ್ದು."

ಹಾಗೇನಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಹಾಗೆ ಹೇಳುವುದಕ್ಕೆ ನನಗೇನು ಗೊತ್ತಿತ್ತು? ಅವರು ಅದನ್ನು ನನ್ನಿಂದ ನಿರೀಕ್ಷಿಸಲೂ ಇಲ್ಲ. ಬಾಗಿಲ ಬಳಿ ಕೂತು ಬೂಟು ಹಾಕಿಕೊಂಡರು, ಬಗ್ಗಿದ್ದಕ್ಕೆ ಉಸಿರು ಸಿಕ್ಕದೆ ನಡುವೆ ಎರಡು ಸಲ ನಿಲ್ಲಿಸಿದರು. ನಾನು ಅವರ ಟೂಲ್ ಬ್ಯಾಗು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಈಗ ನಾನು ಓಡಿಸಿ ನೋಡುವಾಗ ಆ ಒಂದು ನಿಮಿಷವೂ ಬರುತ್ತದೆ. ಅದರಲ್ಲಿ ಅವರು ನಿಂತಿರುತ್ತಾರೆ. ಪಕ್ಕದಲ್ಲಿ ನಾನೂ ನಿಂತಿರುತ್ತೇನೆ, ಏಣಿಯ ನೆನಪು ನನಗೂ ಬಂದಿರುವುದಿಲ್ಲ.